ನಮ್ಮ ಶಾಲೆಯ ವಿಡಿಯೋಗಳು ಎಲ್ಲಿರಬೇಕು?

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿಇ ಮಾಡಿದವನು ಅಂದರೆ ಟಿವಿ, ಮೊಬೈಲು, ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲವನ್ನೂ ರಿಪೇರಿ ಮಾಡುತ್ತಾನೆ ಎಂಬ ನಂಬಿಕೆ ನಮ್ಮೂರಲ್ಲಿ ಈಗಲೂ ಇದೆ. ಆ ನಂಬಿಕೆಯಿಂದಲೇ ಇರಬೇಕು, ಎರಡು ತಿಂಗಳ ಹಿಂದೆ ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಶಾಲೆಗೊಂದು ವೆಬ್‌ಸೈಟ್ ಮಾಡಿಕೊಡಿ, ಹಳೇ ವಿಡಿಯೋ ಎಲ್ಲಾ ಅದರಲ್ಲಿ ಹಾಕಿಬಿಡಿ" ಎಂದರು. ಹಾಕೋಣ ಸಾರ್ ಎಂದೆ. ಆದರೆ "ಹಾಕಿಬಿಡಿ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಒಂದು ತಪ್ಪು ನೆನಪಾಗುತ್ತದೆ. ಅದು ನಾನೇ ಮಾಡಿದ್ದು. ಅದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ನಮ್ಮ ಸಮಾಜ ಮೇಷ್ಟ್ರು ನಿಮಗೆಲ್ಲ ಗೊತ್ತು. ಹೊಯ್ಸಳರ ಪಾಠ ಬಂದರೆ ಅವರು ಪುಸ್ತಕ ಮುಚ್ಚಿ, ಮಕ್ಕಳನ್ನು ಸಾಲು ನಿಲ್ಲಿಸಿ, ಕೆರೆ ಪಕ್ಕದ ಲಕ್ಷ್ಮೀದೇವಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. 1113ರ ಸುಮಾರಿಗೆ ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು, ಬೇಲೂರಿನ ಚೆನ್ನಕೇಶವನಿಗಿಂತ ಹಳೆಯದು, ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ ಎಂಬುದೆಲ್ಲ ನಮಗೆ ಬಾಯಿಪಾಠ ಆಗಿದ್ದು ಅಲ್ಲಿ ನಿಂತು ಕೇಳಿದ್ದರಿಂದ. ನಾನು 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. 2010ರ ಡಿಸೆಂಬರ್‌ನಲ್ಲಿ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ, ಮೇಷ್ಟ್ರು ನಿವೃತ್ತಿಗೆ ಮೊದಲು ಕೊನೆಯ ಬ್ಯಾಚನ್ನು ಗುಡಿಗೆ ಕರೆದುಕೊಂಡು ಹೋಗುತ್ತಾರೆ ಎಂದು ತಿಳಿದು, ಹಾಸ್ಟೆಲ್ ಗೆಳೆಯನೊಬ್ಬನ ಡಿಜಿಟಲ್ ಕ್ಯಾಮೆರಾ ಇಸಕೊಂಡು ಬಂದೆ. 22 ನಿಮಿಷ ವಿಡಿಯೋ ಮಾಡಿದೆ. ಮೇಷ್ಟ್ರು ಟಾರ್ಚು ಹಿಡಿದು ಕಾಳಿಯ ಮುಂದೆ ನಿಂತು ಒಂದೊಂದಾಗಿ ತೋರಿಸಿ ವಿವರಿಸಿದ್ದು ಪೂರ್ತಿ ಅದರಲ್ಲಿತ್ತು.

ರಾತ್ರಿಯೆಲ್ಲ ಕೂತು ಯೂಟ್ಯೂಬಿಗೆ ಏರಿಸಿದೆವು. ಆಗ ಅಲ್ಲಿ ಒಂದು ವಿಡಿಯೋಗೆ 15 ನಿಮಿಷದ ಮಿತಿ ಇತ್ತು, ಅದಕ್ಕೇ ಎರಡು ತುಂಡು ಮಾಡಿದೆವು. ನನ್ನದು ಖಾತೆ ಇರಲಿಲ್ಲ, ಗೆಳೆಯನ ಖಾತೆಯಲ್ಲೇ ಹಾಕಿದೆವು. ಶಾಲೆಯ ಹೆಸರಿನಲ್ಲಿ ನಾನೊಂದು ಪುಟ್ಟ ವೆಬ್‌ಸೈಟ್ ಮಾಡಿದ್ದೆ, ಅದರಲ್ಲಿ ಆ ಎರಡು ತುಂಡನ್ನೂ ಕೂರಿಸಿದೆ. ಪುಟ ತೆರೆದರೆ ಮೇಷ್ಟ್ರು ಮಾತಾಡುತ್ತಿದ್ದರು. ಕೆಲಸ ಮುಗಿಯಿತು ಅಂದುಕೊಂಡೆ. ಹಾಸ್ಟೆಲ್ ಬಿಡುವಾಗ ಕಂಪ್ಯೂಟರನ್ನು ಜೂನಿಯರ್ ಒಬ್ಬನಿಗೆ ಮಾರಿದೆ. ಮೂಲ ಫೈಲು ಅದರಲ್ಲೇ ಇತ್ತು. ಇಂಟರ್‌ನೆಟ್ಟಿನಲ್ಲಿ ಇದೆಯಲ್ಲ ಅಂತ ಧೈರ್ಯ.

2020ರ ನವೆಂಬರ್‌ನಲ್ಲಿ ಗುಡಿಯ ಕಾಳಿಯ ವಿಗ್ರಹ ಮುರಿದುಬಿದ್ದಿದೆ ಎಂಬ ಸುದ್ದಿ ಬಂತು. ಆ ದಿನ ಊರಲ್ಲಿ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಿಲ್ಲ. ನಾನು ಬೆಂಗಳೂರಲ್ಲಿದ್ದೆ. ಮೊದಲು ಮಾಡಿದ ಕೆಲಸ ಆ ಹಳೆಯ ಪುಟ ತೆರೆದದ್ದು. ಮೇಷ್ಟ್ರು ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಚೌಕ, ಒಳಗೆ ವಿಡಿಯೋ ಲಭ್ಯವಿಲ್ಲ ಎಂಬ ಸಾಲು. ಗೆಳೆಯನಿಗೆ ಫೋನ್ ಮಾಡಿದೆ. ಅವನು ವಿದೇಶಕ್ಕೆ ಹೋಗುವಾಗ ಹಳೆಯ ಖಾತೆಗಳನ್ನೆಲ್ಲ ಅಳಿಸಿ ಹೋಗಿದ್ದ. ಪಾಪ, ಅವನಿಗೆ ನೆನಪಾದರೂ ಎಲ್ಲಿರುತ್ತದೆ? ಅವನದ್ದೇನೂ ತಪ್ಪಿಲ್ಲ.

ಮೇಷ್ಟ್ರಿಗೂ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಹತ್ರ ಇಲ್ವೇನಯ್ಯಾ? ನೀನೇ ಅಲ್ವಾ ತೆಗ್ದಿದ್ದು?" ಎಂದರು. ಉತ್ತರ ಇರಲಿಲ್ಲ. ಈಗ ಮೇಷ್ಟ್ರೂ ನಮ್ಮೊಂದಿಗಿಲ್ಲ.

ಇಲ್ಲಿ ಆದದ್ದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆಲ್ಲ ಒಂದೇ ಟಿವಿ. ಭಾನುವಾರ ಸಾಯಂಕಾಲ ಕನ್ನಡ ಸಿನಿಮಾ ಬರುತ್ತಿತ್ತು. ಒಳಗೆ ಜಾಗ ಸಿಗದ ನಾವು ಕಿಟಕಿಯ ಸರಳು ಹಿಡಿದು ಹೊರಗೆ ನಿಂತು ನೋಡುತ್ತಿದ್ದೆವು. ಸಿನಿಮಾ ನೋಡಿದ್ದು ನಿಜ. ಆದರೆ ಟಿವಿ ನಮ್ಮದಲ್ಲ, ಕರೆಂಟು ನಮ್ಮದಲ್ಲ. ಆ ಮನೆಯ ಅಜ್ಜಿಗೆ ಸೊಳ್ಳೆ ಬಂತು ಅನ್ನಿಸಿ ಕಿಟಕಿ ಹಾಕಿಕೊಂಡರೆ ಫೈಟಿಂಗ್ ಅರ್ಧಕ್ಕೇ ನಿಲ್ಲುತ್ತಿತ್ತು.

ವೆಬ್‌ಸೈಟಿನಲ್ಲಿ ವಿಡಿಯೋ "ಎಂಬೆಡ್" ಮಾಡುವುದು ಎಂದರೆ ಇದೇ ಕಿಟಕಿ. ಯೂಟ್ಯೂಬಿನಲ್ಲಿ ಶೇರ್ ಒತ್ತಿದರೆ ಎಂಬೆಡ್ ಎಂದು ಬರುತ್ತದೆ, ಅದು ಕೊಡುವ ನಾಲ್ಕು ಸಾಲನ್ನು ನಮ್ಮ ಪುಟದಲ್ಲಿ ಅಂಟಿಸಿದರಾಯಿತು. ನಮ್ಮ ಪುಟದಲ್ಲಿ ಇರುವುದು ಆ ವಿಡಿಯೋದ ವಿಳಾಸ ಮಾತ್ರ. ವಿಡಿಯೋ ಇರುವುದು ಅವರ ಮನೆಯಲ್ಲಿ. ಖಾತೆ ಅಳಿದರೆ, ಖಾತೆಯವರು ಅದನ್ನು ಪ್ರೈವೇಟ್ ಮಾಡಿದರೆ, ಕಂಪನಿ ನಿಯಮ ಬದಲಿಸಿದರೆ, ಇಲ್ಲಿ ಕಪ್ಪು ಚೌಕ. 2021ರ ಜುಲೈನಲ್ಲಿ ಯೂಟ್ಯೂಬು 2017ಕ್ಕೆ ಮೊದಲು ಹಾಕಿದ್ದ, ಲಿಂಕ್ ಇದ್ದವರಿಗೆ ಮಾತ್ರ ಕಾಣುವ "ಅನ್‌ಲಿಸ್ಟೆಡ್" ವಿಡಿಯೋಗಳನ್ನು, ಬೇಡ ಎಂದು ಹೇಳದವರ ಮಟ್ಟಿಗೆ, ಪ್ರೈವೇಟ್ ಮಾಡಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದರ ಸರಿ ತಪ್ಪು ಬೇರೆ ಮಾತು, ಆದರೆ ನಮ್ಮ ಹುಡುಗರು ಗದ್ದೆ ಬದುವಿನ ಮೇಲೆ ಮಾಡಿದ್ದ ವಿಡಿಯೋಗಳೆಲ್ಲ ಏನಾದವು? ಫೋನಿನಲ್ಲಿ ಉಳಿಸಿಕೊಂಡವರಿಗೆ ಉಳಿದವು.

ಹಾಗಾದರೆ ಬೇರೆಯವರ ಕಿಟಕಿ ಯಾಕೆ, ನಮ್ಮ ವೆಬ್‌ಸೈಟಿನಲ್ಲೇ ಎಲ್ಲ ಇಡೋಣ ಎಂದು ಮೊನ್ನೆ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ. ಇವತ್ತಿನ ಕಾರ್ಯಕ್ರಮದ 10 ನಿಮಿಷದ ವಿಡಿಯೋವನ್ನು ಸಾಕಷ್ಟು ಕುಗ್ಗಿಸಿ, ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ಇಟ್ಟರೂ 150 ಎಂಬಿ ಆಗುತ್ತದೆ. 1000 ಜನ ಹಿರಿಯ ವಿದ್ಯಾರ್ಥಿಗಳು ಒಂದೊಂದು ಸಲ ನೋಡಿದರೆ 150 ಜಿಬಿ ನಮ್ಮ ಜಾಗದಿಂದ ಹೊರಗೆ ಹರಿಯಬೇಕು. ನಾವು ಕೊಂಡಿರುವಂಥ ಚಿಕ್ಕ ಜಾಗಕ್ಕೆ ಅದು ಭಾರ. ಎಲ್ಲರೂ ಒಂದೇ ಸಂಜೆ ನೋಡಲು ಕೂತರಂತೂ ಸೈಟೇ ಮಲಗುತ್ತದೆ.

ಇನ್ನೊಂದು ತೊಡಕು ನೆಟ್‌ವರ್ಕಿನದು. ಯೂಟ್ಯೂಬಿನಂಥವರು ನಾವು ಕೊಟ್ಟ ಒಂದು ವಿಡಿಯೋದಿಂದ ದಪ್ಪದ್ದು, ತೆಳುವಿನದ್ದು ಎಂದು ಹಲವು ಪ್ರತಿ ಮಾಡಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಣುಕುಗಳಾಗಿ ಇಟ್ಟುಕೊಂಡಿರುತ್ತಾರೆ. ಸಿಗ್ನಲ್ ಚೆನ್ನಾಗಿದ್ದರೆ ದಪ್ಪ ತುಣುಕು, ಕಮ್ಮಿಯಾದರೆ ತೆಳುವಿನದು. ಬಸ್ಸಿನಲ್ಲಿ ಹೋಗುವಾಗ ಚಿತ್ರ ಮಸುಕಾದರೂ ಓಡುತ್ತಲೇ ಇರುವುದು ಇದರಿಂದ. ನಾವು ಒಂದೇ ಫೈಲು ಇಟ್ಟರೆ ಆ ಅನುಕೂಲ ಇಲ್ಲ, ಚಕ್ರ ತಿರುಗುತ್ತಾ ಕೂರುತ್ತದೆ.

ಹಾಗೆಂದು ನಮ್ಮಲ್ಲಿ ಇಡಲೇಬಾರದು ಅಂತಲ್ಲ. ಎರಡು ಮೂರು ನಿಮಿಷದ ಚಿಕ್ಕ ವಿಡಿಯೋಗಳನ್ನು ಧಾರಾಳವಾಗಿ ಇಡಬಹುದು. ಇಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳಿದ್ದೀರಿ, ನಿಮಗಾಗಿ ಒಂದು ಮಾತು. ಫೋನಿನಿಂದ ಬಂದ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಪರಿವಿಡಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಹಾಗೇ ಏರಿಸಿದರೆ ಬ್ರೌಸರು ಆ ಪರಿವಿಡಿ ಸಿಗುವ ತನಕ ಚಿತ್ರ ತೋರಿಸದೆ ಕಾಯುತ್ತದೆ. ಎಫ್ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಮುಂದಕ್ಕೆ ತಂದಿಟ್ಟರೆ ಒತ್ತಿದ ತಕ್ಷಣ ಶುರುವಾಗುತ್ತದೆ. ಕೆಲವು ಹೊಸ ಫೋನುಗಳು ಎಚ್‌ಇವಿಸಿ ಎಂಬ ಬಗೆಯಲ್ಲಿ ಚಿತ್ರ ಕೂಡಿಡುತ್ತವೆ, ಅದು ಎಲ್ಲ ಬ್ರೌಸರಿನಲ್ಲೂ ಓಡುವುದಿಲ್ಲ, ಎಚ್.264ಕ್ಕೆ ಬದಲಾಯಿಸಿಕೊಳ್ಳಿ.

ಈಗ ನಾವು ಮಾಡಿಕೊಂಡಿರುವ ಏರ್ಪಾಡು ಹೇಳುತ್ತೇನೆ. ದೊಡ್ಡ ವಿಡಿಯೋಗಳು ಯೂಟ್ಯೂಬಿನಲ್ಲೇ ಇದ್ದು ನಮ್ಮ ಪುಟದಲ್ಲಿ ಎಂಬೆಡ್ ಆಗಿರುತ್ತವೆ. ನೋಡುವುದಕ್ಕೆ ಅದೇ ಸಲೀಸು, ನನಗೆ ಅದರ ಮೇಲೆ ಕೋಪವಿಲ್ಲ. ಆದರೆ ಖಾತೆ ನನ್ನದಲ್ಲ, ಯಾವ ಮೇಷ್ಟ್ರದ್ದೂ ಅಲ್ಲ, ಶಾಲೆಯದು. ಅದಕ್ಕೆ ಕೊಟ್ಟಿರುವ ಫೋನ್ ನಂಬರೂ ಶಾಲೆಯದೇ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವಾಗ ಚಾರ್ಜ್ ಪಟ್ಟಿಯಲ್ಲಿ ಬೆಂಚು, ಬೀರು, ಗಂಟೆ ಎಲ್ಲ ಬರೆದು ಒಪ್ಪಿಸುತ್ತಾರಲ್ಲ, ಆ ಪಟ್ಟಿಗೆ ಈ ಖಾತೆಯ ಪಾಸ್‌ವರ್ಡನ್ನೂ ವೆಬ್‌ಸೈಟಿನ ವಾರ್ಷಿಕ ಶುಲ್ಕದ ತಾರೀಖನ್ನೂ ಸೇರಿಸಿ ಎಂದು ಕೇಳಿಕೊಂಡಿದ್ದೇನೆ. ಶುಲ್ಕ ಕಟ್ಟುವುದು ಮರೆತರೆ ವೆಬ್‌ಸೈಟಿನ ಹೆಸರೇ ಕೈಬಿಟ್ಟು ಹೋಗಿ ಬೇರೆ ಯಾರೋ ಕೊಂಡುಕೊಳ್ಳಬಹುದು. ಆಮೇಲೆ ನಮ್ಮ ಶಾಲೆಯ ಹೆಸರೊತ್ತಿದರೆ ಏನು ಬರುತ್ತದೋ!

ಮೂಲ ಫೈಲುಗಳು ಎರಡು ಹಾರ್ಡ್ ಡಿಸ್ಕಿನಲ್ಲಿವೆ. ಒಂದು ಆಫೀಸಿನ ಬೀರುವಿನಲ್ಲಿ, ಇನ್ನೊಂದು ಬೆಂಗಳೂರಿನ ನನ್ನ ಮನೆಯಲ್ಲಿ. ಎರಡೂ ಒಂದೇ ಬೀರುವಿನಲ್ಲಿದ್ದರೆ ಮಳೆಗಾಲದಲ್ಲಿ ಹಂಚು ಸೋರಿದಾಗ ಎರಡೂ ಒಟ್ಟಿಗೆ ನೆನೆಯುತ್ತವೆ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡಬೇಕು, ಸುಮ್ಮನೆ ಇಟ್ಟ ಡಿಸ್ಕೂ ಕೆಡುತ್ತದೆ. ಎಲ್ಲರೂ ನೋಡಬಹುದಾದಂಥವನ್ನು ಇಂಟರ್‌ನೆಟ್ ಆರ್ಕೈವ್ ಎಂಬಲ್ಲೂ ಹಾಕುತ್ತಿದ್ದೇವೆ. ಅದು 1996ರಲ್ಲಿ ಅಮೆರಿಕದಲ್ಲಿ ಶುರುವಾದ, ಲಾಭಕ್ಕಲ್ಲದ ಡಿಜಿಟಲ್ ಗ್ರಂಥಾಲಯ. ಹಳೆಯ ಕನ್ನಡ ಪುಸ್ತಕಗಳೂ ಸಾಕಷ್ಟು ಅಲ್ಲಿವೆ. ಇನ್ನು ಪ್ರತಿ ವಿಡಿಯೋದ ಕೆಳಗೆ ಯಾರು, ಎಲ್ಲಿ, ಯಾವಾಗ, ಏನು ಹೇಳಿದರು ಎಂದು ನಾಲ್ಕು ಸಾಲು ಬರೆದಿದ್ದೇವೆ. ನಾಳೆ ಕಿಟಕಿ ಮುಚ್ಚಿದರೂ ಒಳಗೆ ಏನಿತ್ತು ಎಂದಾದರೂ ಗೊತ್ತಾಗಲಿ. ನನ್ನ ಹಳೆಯ ಪುಟದಲ್ಲಿ "ವಿಡಿಯೋ 1", "ವಿಡಿಯೋ 2" ಎಂದಷ್ಟೇ ಇತ್ತು.

ತಾಯಂದಿರಿಗೆ ಒಂದು ಮಾತು. ಮಕ್ಕಳ ಡ್ಯಾನ್ಸು, ಆಟೋಟದ ವಿಡಿಯೋ ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ಹಾಕುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳುವುದು ಮರ್ಯಾದೆ. ಸಿನಿಮಾ ಹಾಡಿಗೆ ಕುಣಿದಿದ್ದರೆ ಇನ್ನೊಂದು ಫಜೀತಿ, ಹಾಡಿನ ಹಕ್ಕುದಾರರು ಹೇಳಿದರೆ ಸದ್ದೇ ಹೋಗಿ ಮಕ್ಕಳು ಮೂಕವಾಗಿ ಕುಣಿಯುತ್ತಿರುತ್ತಾರೆ. ಮುಂದಿನ ವರ್ಷ ನಮ್ಮ ಕೋಲಾಟದ ಪದಗಳನ್ನೇ ಮಕ್ಕಳಿಂದ ಹಾಡಿಸಿದರೆ ಆ ರಗಳೆ ಇರುವುದಿಲ್ಲ, ಮೇಡಂನೋರು ಯೋಚಿಸಲಿ.

ಮೇಷ್ಟ್ರ ವಿಡಿಯೋಗೆ ವಾಪಸ್ ಬರುತ್ತೇನೆ. ವೆಬ್‌ಸೈಟ್ ಕೆಲಸ ಶುರುವಾದ ಮೇಲೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರ ಹತ್ತಿರವಾದರೂ ಏನಾದರೂ ಇದೆಯೇ ಎಂದು ಕೇಳಿದೆ. ಮೂರನೇ ದಿನ ನನ್ನ ಬೆಂಚಿನ ಗೆಳೆಯ, ಈಗ ಊರಲ್ಲೇ ವ್ಯವಸಾಯ ಮಾಡಿಕೊಂಡಿದ್ದಾನೆ, ಒಂದು ಹಳೆಯ ಮೆಮೊರಿ ಕಾರ್ಡು ತಂದುಕೊಟ್ಟ. 2010ರಲ್ಲಿ ಅವನ ಚೀನಾ ಸೆಟ್ಟಿಗೆ ಒಂದು ತುಣುಕನ್ನು ಕುಗ್ಗಿಸಿ ಬ್ಲೂಟೂತಿನಲ್ಲಿ ಕಳಿಸಿದ್ದೆನಂತೆ. ನನಗೆ ಮರೆತೇ ಹೋಗಿತ್ತು. 1 ನಿಮಿಷ 40 ಸೆಕೆಂಡು. 176 ಚುಕ್ಕೆ ಅಗಲ, 144 ಚುಕ್ಕೆ ಎತ್ತರ, ಎರಡು ಎಂಬಿಯೂ ಇಲ್ಲ. ಕಾಳಿ ಅದರಲ್ಲಿ ಬರೀ ಒಂದು ಕಪ್ಪು ನೆರಳು, ಮುಖ ಗೊತ್ತಾಗುವುದಿಲ್ಲ. ಬಾಗಿಲ ಎರಡು ಕಡೆಯ ಬೇತಾಳಗಳು ಇವೆ ಅಂತ ಗೊತ್ತಿದ್ದವರಿಗಷ್ಟೇ ಕಾಣುತ್ತವೆ. ಆದರೆ ಮೇಷ್ಟ್ರ ದನಿ ಸ್ಪಷ್ಟವಾಗಿದೆ. "ಹೆದರ್ಕೋಬೇಡ್ರೋ, ಒಂಬೈನೂರು ವರ್ಷದಿಂದ ಇಲ್ಲೇ ನಿಂತವೆ, ನಿಮ್ಮನ್ನ ಹಿಡ್ಕೊಳ್ಳೋಕೆ ಅವಕ್ಕೆ ಪುರುಸೊತ್ತಿಲ್ಲ" ಅನ್ನುತ್ತಾರೆ, ಮಕ್ಕಳು ನಗುತ್ತವೆ, ಅಲ್ಲಿಗೆ ನಿಲ್ಲುತ್ತದೆ. ಇದನ್ನು ಎಲ್ಲಿಯೂ ಎಂಬೆಡ್ ಮಾಡಿಲ್ಲ. ನಮ್ಮ ವೆಬ್‌ಸೈಟಿನಲ್ಲೇ ಇಟ್ಟಿದ್ದೇವೆ, ಮೊದಲ ಪುಟದಲ್ಲಿ.

ಕೊನೆಯದಾಗಿ ನಿಮ್ಮಿಂದ ಒಂದು ಬೇಡಿಕೆ. ನಮ್ಮ ಶಾಲೆಯ ಬೆಳ್ಳಿಹಬ್ಬಕ್ಕೆ ಹಾಸನದಿಂದ ವಿಡಿಯೋದವರು ಬಂದಿದ್ದರು. ಆ ದೊಡ್ಡ ಲೈಟು ನೋಡಲು ನಾವು ಮಕ್ಕಳು ಮುಗಿಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ವಿಎಚ್ಎಸ್ ಕ್ಯಾಸೆಟ್ಟು ಶಾಲೆಯಲ್ಲಿಲ್ಲ. ಯಾರದ್ದೋ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಇರಲೇಬೇಕು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲೇ ಅದನ್ನು ನಿಲ್ಲಿಸಿತು. ಓಡಿಸುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿವೆ, ಟೇಪಿನ ಮೇಲೆ ಬೂಷ್ಟು ಹಿಡಿಯುತ್ತಿದೆ. ಸಿಕ್ಕರೆ ದಯವಿಟ್ಟು ಬಿಸಿಲಿಗೆ ಒಣಗಿಸಬೇಡಿ, ಒರೆಸಲೂ ಹೋಗಬೇಡಿ, ಇದ್ದ ಹಾಗೇ ತನ್ನಿ. ಓಡುವ ಯಂತ್ರವೊಂದನ್ನು ನಾನು ಬೆಂಗಳೂರಿನಲ್ಲಿ ಹುಡುಕಿ ಇಟ್ಟುಕೊಂಡಿದ್ದೇನೆ. ನಿಮ್ಮ ಕ್ಯಾಸೆಟ್ಟು ನಿಮಗೇ ವಾಪಸ್ ಬರುತ್ತದೆ, ಜೊತೆಗೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ.

ಊಟ ಆದ ಮೇಲೆ 9ನೇ ತರಗತಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಜೆಯವರೆಗೂ ಕೂತಿರುತ್ತೇನೆ. ಹಳೆಯ ಫೋನು, ಮೆಮೊರಿ ಕಾರ್ಡು, ಸಿಡಿ ಏನಿದ್ದರೂ ತನ್ನಿ. ಚಾರ್ಜರ್ ಇಲ್ಲದ ಫೋನಾದರೂ ಪರವಾಗಿಲ್ಲ, ಆ ಕಾಲದ ಸಣ್ಣ ಪಿನ್ನಿನ ಚಾರ್ಜರು ನಾಲ್ಕು ತಂದಿದ್ದೇನೆ.