ಸಕ್ಕರೆ ಇಲ್ಲದ ಡಯಾಬಿಟಿಸ್

(ಸಂಘದ ವೈದ್ಯಕೀಯ ನೆರವು ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನೆರವು ಸಮಿತಿಗೆ ಬಂದ ಒಂದು ಅರ್ಜಿಯಿಂದಾಗಿ ಈ ಕಾಯಿಲೆಯ ಬಗ್ಗೆ ಡಾಕ್ಟರರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಅರ್ಜಿ ಕಲ್ಯಾಣದ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿರುವ ನಮ್ಮವರೊಬ್ಬರದು. ಶಾಲೆಗೆ ಹೋಗುವ ಮಗಳ ಮೆದುಳಿನ ಬುಡದಲ್ಲಿದ್ದ ಗಡ್ಡೆಯನ್ನು ಆಪರೇಶನ್ ಮಾಡಿ ತೆಗೆದರು. ಜೀವ ಉಳಿಯಿತು. ಜತೆಗೆ ಡಯಾಬಿಟಿಸ್ ಇನ್ಸಿಪಿಡಸ್ ಎಂಬುದೂ ಉಳಿದುಕೊಂಡಿತು. ಕಾಗದದಲ್ಲಿ 'ಡಯಾಬಿಟಿಸ್' ಎಂದು ಕಂಡ ಕೂಡಲೇ ಸಮಿತಿಯಲ್ಲಿ ಒಬ್ಬರು, "ಶುಗರ್ ಯಾರಿಗಿಲ್ಲ ಮಾರಾಯ್ರೆ? ನನಗೂ ಉಂಟು" ಎಂದರು. ಅರ್ಜಿ ಬದಿಗೆ ಸರಿಯಿತು.

ಇದಕ್ಕೂ ಶುಗರಿಗೂ ಸಂಬಂಧವಿಲ್ಲ. ಹಿಂದೆ ವೈದ್ಯರು ಮೂತ್ರದ ರುಚಿ ನೋಡುತ್ತಿದ್ದರಂತೆ. ಸಿಹಿಯಾದರೆ ಮೆಲಿಟಸ್, ಸಪ್ಪೆಯಾದರೆ ಇನ್ಸಿಪಿಡಸ್. (ಆ ಕೆಲಸಕ್ಕಿಂತ ನಮ್ಮ ಲೆಡ್ಜರೇ ವಾಸಿ!) ಮೆದುಳಿನಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ತಯಾರಾಗುತ್ತದೆ, ಪಿಟ್ಯುಟರಿ ಗ್ರಂಥಿ ಅದನ್ನು ರಕ್ತಕ್ಕೆ ಬಿಡುತ್ತದೆ. ನೀರನ್ನು ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೋಗುವ ಆಜ್ಞೆ ಅದು. ಆಜ್ಞೆ ಬಾರದಿದ್ದರೆ ದಿನಕ್ಕೆ ಒಂದೆರಡು ಲೀಟರ್ ಹೋಗಬೇಕಾದ ಮೂತ್ರ 3 ಲೀಟರ್ ದಾಟುತ್ತದೆ, ತೀವ್ರವಾದರೆ 15-20 ಲೀಟರಿನವರೆಗೂ ಹೋಗುವುದುಂಟು. ಅಷ್ಟೂ ನೀರನ್ನು ಮತ್ತೆ ಕುಡಿಯಬೇಕು, ರಾತ್ರಿ ಎದ್ದೆದ್ದು. ಕೆಲವರಲ್ಲಿ ಹಾರ್ಮೋನ್ ಇರುತ್ತದೆ, ಕಿಡ್ನಿ ಅದರ ಮಾತು ಕೇಳುವುದಿಲ್ಲ. ವರ್ಷಗಟ್ಟಲೆ ಲಿಥಿಯಂ ಮಾತ್ರೆ ತೆಗೆದುಕೊಂಡವರಲ್ಲಿ ಹೀಗಾಗುವುದುಂಟು. ಅದಕ್ಕೆ ಚಿಕಿತ್ಸೆ ಬೇರೆ.

ಈ ಹುಡುಗಿಗೆ ಬೇಕಾದ ಔಷಧ ಡೆಸ್ಮೊಪ್ರೆಸಿನ್. ಮಾತ್ರೆಯೂ ಇದೆ, ಮೂಗಿಗೆ ಬಿಡುವ ಸ್ಪ್ರೇಯೂ ಇದೆ. ತಪ್ಪದೆ ತೆಗೆದುಕೊಂಡರೆ ಎಲ್ಲರಂತೆ ಶಾಲೆಗೆ ಹೋಗಿಬರುತ್ತಾಳೆ. ಪ್ರಮಾಣ ಹೆಚ್ಚಾಗಿ ನೀರೂ ಹೆಚ್ಚಾದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಹಾಗಾಗಿ ಆಗಾಗ ರಕ್ತಪರೀಕ್ಷೆ ಬೇಕು.

ತಿಂಗಳ ಕೊನೆಗೆ ಮಾತ್ರೆ ಮುಗಿದರೆ? ನಮ್ಮ ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲ. ಅಂಥ ದಿನ ಆಸ್ಪತ್ರೆಗೆ ಹೊರಟ ತಾಯಿ ಮಗಳು ಥಾಣೆಯಲ್ಲೊಮ್ಮೆ, ಘಾಟ್ಕೋಪರಿನಲ್ಲೊಮ್ಮೆ, ದಾದರಿನಲ್ಲೊಮ್ಮೆ ಇಳಿಯುತ್ತಾರೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದರಾಗದೇ ಎಂದು ಕೇಳಿದವರಿದ್ದಾರೆ. ಕುಡಿಯದಿದ್ದರೂ ಮೂತ್ರ ನಿಲ್ಲುವುದಿಲ್ಲ. ಸೋಡಿಯಂ ಏರಿ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯವಾಗಬಹುದು. ಆಸ್ಪತ್ರೆಗಳಲ್ಲಿಯೂ ಶುಗರ್ ಎಂದು ತಿಳಿದು ಅನಾಹುತಗಳಾಗಿವೆ. ಅದಕ್ಕಾಗಿಯೇ 2022ರಲ್ಲಿ ತಜ್ಞರ ಸಂಘಗಳು ಹೊಸ ಹೆಸರು ಸೂಚಿಸಿದವು: ಆರ್ಜಿನೈನ್ ವ್ಯಾಸೊಪ್ರೆಸಿನ್ ಡೆಫಿಶಿಯೆನ್ಸಿ. ನಾಲಿಗೆ ತಿರುಗುವುದು ಕಷ್ಟ, ಆದರೆ ಶುಗರ್ ಎಂದು ಯಾರೂ ತಪ್ಪು ತಿಳಿಯಲಾರರು.

ಈಗ ಲೆಕ್ಕದ ಮಾತು. ನಮ್ಮ ನೆರವೆಂದರೆ ಆಸ್ಪತ್ರೆಯ ಬಿಲ್ಲು, ಒಂದು ಚೆಕ್ಕು, ಒಂದು ಫೋಟೋ. ಸರಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೇ. ಪ್ರತಿ ತಿಂಗಳ ಮೆಡಿಕಲ್ ಅಂಗಡಿಯ ಬಿಲ್ಲನ್ನು ಕೇಳುವವರಿಲ್ಲ. ಒಮ್ಮೆಗೇ ದೊಡ್ಡ ಮೊತ್ತ ಕೊಡುವ ಬದಲು, ತಿಂಗಳಿಗೆ ಇನ್ನೂರೋ ಐನೂರೋ ನಿಮ್ಮ ಖಾತೆಯಿಂದ ವೈದ್ಯಕೀಯ ನಿಧಿಗೆ ತಾನಾಗಿ ಬರುವಂತೆ ಬ್ಯಾಂಕಿಗೆ ಬರೆದುಕೊಡಿ. ಕ್ಯಾಶಿಯರ್ ಅಣ್ಣನ ಅರ್ಜಿಯನ್ನು ಮುಂದಿನ ಸಮಿತಿ ಸಭೆಯಲ್ಲಿ ಮತ್ತೆ ಇಡುತ್ತಿದ್ದೇನೆ. ಆ ಹೊತ್ತಿಗೆ ನಿಧಿಗೆ ತಿಂಗಳಿಗೆ ಎಷ್ಟು ಬರುತ್ತದೆಂಬ ಅಂಕಿ ನನ್ನ ಕೈಯಲ್ಲಿರಬೇಕು.

ಫಾರಂ ಖಜಾಂಚಿಯವರ ಮೇಜಿನ ಮೇಲಿದೆ. ಪೆನ್ನೂ ಇಟ್ಟಿದ್ದೇನೆ.