ಹೆಬ್ಬೆರಳಿನ ಗುರುತು: ಕೋಲಾರ ಚಿನ್ನದ ಗಣಿಯ ಕಾರ್ಮಿಕರು



ಶತಮಾನೋತ್ಸವದ ವೇದಿಕೆಯಲ್ಲಿ ನಿಂತು ಶಾಲೆಯ ಕೀರ್ತಿಯನ್ನು ಕೊಂಡಾಡುವ ಬದಲು ಗಣಿಯೂರೊಂದರ ಕಥೆಯನ್ನು ಹೇಳಲು ಹೊರಟಿದ್ದೇವೆ. ಅದಕ್ಕೆ ಕಾರಣವುಂಟು. ಹೊಸೂರು ಸೀಮೆಯ ನಾವು ತಮಿಳುನಾಡಿನೊಳಗಣ ಕನ್ನಡಿಗರು. ಮಾಲೂರು, ಬಂಗಾರಪೇಟೆಗಳನ್ನು ದಾಟಿದರೆ ಸಿಗುವ ಕೆ.ಜಿ.ಎಫ್. ಕರ್ನಾಟಕದೊಳಗಣ ತಮಿಳರ ಊರು. ನಮ್ಮ ಪಾಡನ್ನೇ ತಿರುವಿ ಹಾಕಿದಂತಿದೆ ಅವರ ಪಾಡು. ಒಂದೇ ವ್ಯತ್ಯಾಸವೆಂದರೆ, ನಾವು ತಲೆತಲಾಂತರದಿಂದ ಇಲ್ಲಿಯೇ ಇದ್ದವರು. ಅವರನ್ನು ಚಿನ್ನ ಕರೆತಂದಿತು. ಅಲ್ಲದೆ ಈ ಸಭೆಯಲ್ಲಿ ಕುಳಿತಿರುವ ಪೋಷಕರಲ್ಲಿ ಅನೇಕರು ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ, ಹಲವರು ಗುತ್ತಿಗೆಯ ಮೇಲೆ ದುಡಿಯುವವರು. ಈ ಕಥೆ ಅವರಿಗೆ ಹೊಸದೆನಿಸಲಾರದು.

1871ರಲ್ಲಿ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಚಿನ್ನವನ್ನು ಅರಸಿ ಕೋಲಾರದ ಕಡೆಗೆ ಹೊರಟನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಆಡಳಿತವನ್ನು ವಹಿಸಿಕೊಂಡಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ತಲೆಯೆತ್ತಿದವು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿಯೆಳೆದು ಗಣಿಗೆ ವಿದ್ಯುತ್ತನ್ನು ಒಯ್ಯಲಾಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಈ ಸಂಗತಿಯನ್ನು ನಾವೆಲ್ಲ ಶಾಲೆಯಲ್ಲಿ ಹೆಮ್ಮೆಯಿಂದ ಕಲಿತೆವು. ಆ ವಿದ್ಯುತ್ತಿನಿಂದ ನಡೆದ ಗಣಿಯ ಆಳಕ್ಕೆ ಇಳಿದವರಾರೆಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ.

ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ, ಅಸ್ಪೃಶ್ಯರೆನಿಸಿಕೊಂಡಿದ್ದ ತಮಿಳು ಕೂಲಿಕಾರರು. ಊರಿನಲ್ಲಿ ಜಮೀನ್ದಾರನ ಆಳಾಗಿದ್ದವನಿಗೆ ಇಲ್ಲಿ ಕೈಗೆ ನಗದು ಕೂಲಿ ಸಿಕ್ಕಿತು. ಅದು ಅಲ್ಪವೇ ಆದರೂ ಅವನ ಪಾಲಿಗೆ ಒಂದು ಬಿಡುಗಡೆಯೂ ಆಗಿತ್ತೆಂಬುದನ್ನು ಮರೆಯಲಾಗದು. ಅಯೋತ್ತಿ ದಾಸರ ಬೌದ್ಧ ಚಳವಳಿ ಮಾರಿಕುಪ್ಪದಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಆದರೆ ವಾಸಕ್ಕೆ ಸಿಕ್ಕಿದ್ದು ಸಾಲುಸಾಲಾದ ಬಿದಿರು ತಟ್ಟಿಯ ಗುಡಿಸಲು. ಗಣಿಯ ಆಳ ಕೊನೆಗೆ ಮೂರು ಕಿಲೋಮೀಟರಿಗೂ ಮಿಕ್ಕಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿಯನ್ನು ಮೀರುತ್ತಿತ್ತು. ಒತ್ತಡಕ್ಕೆ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಸಿಡಿತದಿಂದ ಪಾರಾದವನ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂರುತ್ತಿತ್ತು.

ಇಷ್ಟೆಲ್ಲವನ್ನು ಸಹಿಸಿದ ಜನ 1930ರ ಏಪ್ರಿಲ್‌ನಲ್ಲಿ ಒಂದು ಸಣ್ಣ ಸಂಗತಿಗಾಗಿ ಕೆಲಸ ನಿಲ್ಲಿಸಿದರು. ಪ್ರತಿಯೊಬ್ಬ ಕೂಲಿಯೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಿತ್ತು. ಹೆಬ್ಬೆಟ್ಟೊತ್ತುವುದು ನಮ್ಮ ಅಜ್ಜಂದಿರಿಗೆ ಹೊಸದೇನಲ್ಲ. ಸಾಲಪತ್ರಕ್ಕೆ ಒತ್ತಿದ್ದಾರೆ, ಕ್ರಯಪತ್ರಕ್ಕೆ ಒತ್ತಿದ್ದಾರೆ. ಆದರೆ ಎಲ್ಲ ಬೆರಳುಗಳ ಅಚ್ಚನ್ನು ತೆಗೆದಿಡುವುದು ಕೈದಿಗಳಿಂದ ಮಾತ್ರವೆಂದು ಎಲ್ಲರೂ ಬಲ್ಲರು. ಚಿನ್ನದ ಕಳವಿನ ಶಂಕೆಯಿಂದ ದಿನವೂ ಮೈತಡವಿಸಿಕೊಳ್ಳುತ್ತಿದ್ದ ಜನಕ್ಕೆ ಇದು ಕಡೆಯ ಅವಮಾನವಾಗಿ ತೋರಿತು. ಇನ್ನೊಂದು ಲೆಕ್ಕವೂ ಅದರಲ್ಲಿತ್ತು. ಒಂದು ಗಣಿಯಲ್ಲಿ ಮನಸ್ತಾಪವಾದರೆ ಇನ್ನೊಂದಕ್ಕೆ ಹೋಗಿ ಸೇರುವುದೇ ಕೂಲಿಯವನಿಗಿದ್ದ ಏಕೈಕ ಸ್ವಾತಂತ್ರ್ಯ. ಬೆರಳಚ್ಚು ಎಲ್ಲ ಗಣಿಗಳ ಕೈ ಸೇರಿದರೆ ಆ ಬಾಗಿಲೂ ಮುಚ್ಚುತ್ತಿತ್ತು. ಆಗ ಅಲ್ಲಿ ಕಾರ್ಮಿಕ ಸಂಘವೆಂಬುದೇ ಇರಲಿಲ್ಲ. ಆದರೂ ಮುಷ್ಕರ 21 ದಿನ ನಡೆಯಿತು. ಬೆರಳಚ್ಚಿನ ನಿಯಮವನ್ನು ಕೈಬಿಡಬೇಕಾಯಿತು.

ಓದುಬರಹ ಬಾರದವರೆಂದು ನಾವು ಕರೆಯುವ ಜನ, ಒಂದು ಕಾಗದ ತಮ್ಮನ್ನು ಏನೆಂದು ಕರೆಯುತ್ತಿದೆ ಎಂಬುದನ್ನು ಓದಿ ಅರಿತಿದ್ದರು. ಶಾಲೆಯೊಂದರ ವೇದಿಕೆಯಿಂದ ಹೇಳಲೇಬೇಕಾದ ಮಾತು ಇದೆಂದು ನಮ್ಮ ಭಾವನೆ.

ಸಂಘಗಳು ಕಟ್ಟಿಕೊಂಡದ್ದು 1940ರ ದಶಕದಲ್ಲಿ. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದ ಎಡಪಂಥೀಯ ನಾಯಕರು ಆಗ ಮುಂದೆ ನಿಂತರು. 1946ರ ನವೆಂಬರ್ 4ರಂದು ಪೊಲೀಸರು ಹಾರಿಸಿದ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಸ್ವಾತಂತ್ರ್ಯಕ್ಕೆ ಆಗ ಒಂಬತ್ತು ತಿಂಗಳು ಬಾಕಿ. ಆ ಆರು ಮಂದಿಯ ಸ್ಮಾರಕ ಅಲ್ಲಿದೆ. ಅವರು ಹೋರಾಡಿದ್ದು ಮೈಸೂರು ಸಂಸ್ಥಾನದ ಮಣ್ಣಿನಲ್ಲಿ, ಆಡಿದ್ದು ತಮಿಳು; ಹಾಗಾಗಿಯೋ ಏನೋ ಎರಡೂ ಕಡೆಯ ಪಠ್ಯಪುಸ್ತಕಗಳು ಅವರನ್ನು ತಮ್ಮವರೆಂದು ಎತ್ತಿಕೊಂಡದ್ದನ್ನು ನಾವು ಕಾಣೆವು.

ಮುಂದಿನ ಕಥೆ ಬೇಗ ಮುಗಿಯುವಂಥದು. 1956ರ ನವೆಂಬರ್‌ನಲ್ಲಿ, ಭಾಷಾವಾರು ರಾಜ್ಯಗಳಾದ ಅದೇ ತಿಂಗಳಿನಲ್ಲಿ, ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಅದಿರು ಬಡವಾಗಿ, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿ, 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟ ಊರಿನಲ್ಲಿ ಇಂದು ಎದ್ದು ಕಾಣುವುದು ಅದಿರನ್ನು ಅರೆದು ಉಳಿದ ಪುಡಿಯ ದಿಬ್ಬಗಳು. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿ ಬೀಸಿದಾಗ ಆ ಪುಡಿ ಮನೆಗಳಿಗೆ ನುಗ್ಗುತ್ತದೆ.

ನಸುಕಿನಲ್ಲಿ ಮಾರಿಕುಪ್ಪದಿಂದ ಹೊರಡುವ ರೈಲು ಆ ಊರಿನ ಮಕ್ಕಳನ್ನು ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಒಯ್ಯುತ್ತದೆ. ರಾತ್ರಿ ಮರಳಿ ತರುತ್ತದೆ. ಅವರ ಮನೆಯಲ್ಲಿ ತಮಿಳು, ಕಚೇರಿಯ ಕಾಗದದಲ್ಲಿ ಕನ್ನಡ. ನಮ್ಮ ಮಕ್ಕಳದು ಮನೆಯಲ್ಲಿ ಕನ್ನಡ, ಕಾಗದದಲ್ಲಿ ತಮಿಳು. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ನಮ್ಮ ಶಾಲೆಗಳು ಪಟ್ಟ ಆತಂಕವನ್ನು ಬಲ್ಲ ನಮಗೆ ಅವರ ತಾಯಂದಿರ ಚಿಂತೆ ಪರಕೀಯವಲ್ಲ. ಗಡಿಯ ವಿಚಾರ ಬಂದಾಗಲೆಲ್ಲ ನಾವು ನಮ್ಮ ಅಳಲನ್ನಷ್ಟೇ ಹೇಳಿಕೊಂಡೆವು. ಗಡಿಯಾಚೆಯ ಆ ತಮಿಳರನ್ನು ಒಮ್ಮೆಯೂ ಕರೆದು ಕೂರಿಸಿ ಕೇಳಲಿಲ್ಲ. ಇದು ನಮ್ಮದೇ ಲೋಪ.

ಆದುದರಿಂದ ಹಳೆಯ ವಿದ್ಯಾರ್ಥಿಗಳ ಪರವಾಗಿ ಒಂದು ಬಿನ್ನಹ. ಬರುವ ನವೆಂಬರ್ 4ರಂದು ಹತ್ತನೆಯ ತರಗತಿಯ ಮಕ್ಕಳನ್ನು ಆ ಸ್ಮಾರಕಕ್ಕೆ ಕರೆದೊಯ್ಯಲು ಮುಖ್ಯೋಪಾಧ್ಯಾಯರು ಅನುಮತಿ ನೀಡಬೇಕು. ಬಸ್ಸಿನ ಖರ್ಚು ನಮ್ಮದು. ಮಕ್ಕಳು ಅಲ್ಲಿನ ಹಿರಿಯರೊಡನೆ ತಮಿಳಿನಲ್ಲಿ ಮಾತನಾಡಲಿ, ಕೇಳಿದ್ದನ್ನು ಕನ್ನಡದಲ್ಲಿ ಬರೆದು ತರಲಿ. ಎರಡೂ ಅವರಿಗೆ ಬರುತ್ತದೆ.