ಮಕ್ಕಳ ಗ್ರಾಮಸಭೆಯೂ ಪೌರಶಿಕ್ಷಣವೂ

(ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣ)



ಪೌರನೀತಿಯ ಪಾಠವನ್ನು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಗ್ರಾಮ ಪಂಚಾಯತಿಯ ಸದಸ್ಯರನ್ನು ಯಾರು ಆರಿಸುತ್ತಾರೆ, ಅವರ ಅವಧಿ ಎಷ್ಟು ವರ್ಷ, ಅಧ್ಯಕ್ಷರ ಕರ್ತವ್ಯಗಳಾವುವು ಎಂದು ಕೇಳಿದರೆ ಏಳನೆಯ ತರಗತಿಯ ಹುಡುಗನು ತಡವರಿಸದೆ ಉತ್ತರ ಹೇಳುತ್ತಾನೆ. ಆದರೆ ಅವನ ಮನೆಯ ಮುಂದಿನ ಚರಂಡಿ ಕಟ್ಟಿಕೊಂಡು ಎರಡು ತಿಂಗಳಾಗಿದ್ದರೆ ಅದನ್ನು ಯಾರಿಗೆ, ಎಲ್ಲಿ, ಯಾವ ರೀತಿ ತಿಳಿಸಬೇಕೆಂಬುದು ಅವನಿಗೂ ತಿಳಿಯದು. ಅನೇಕ ವೇಳೆ ಅವನ ತಂದೆಗೂ ತಿಳಿಯದು. ಪುಸ್ತಕದ ಪಂಚಾಯತಿ ಬೇರೆ, ಊರಿನ ಪಂಚಾಯತಿ ಬೇರೆ ಎಂಬ ಭಾವನೆಯು ಹೀಗೆ ಚಿಕ್ಕಂದಿನಲ್ಲಿಯೇ ಬೇರೂರುತ್ತದೆ. ಇವೆರಡನ್ನೂ ಕೂಡಿಸತಕ್ಕ ಸಾಧನವೊಂದು ಈಗ ನಮ್ಮ ಕೈಯಲ್ಲಿದೆ. ಅದೇ ಮಕ್ಕಳ ಗ್ರಾಮಸಭೆ. ಅದನ್ನು ನಾವು ಹೇಗೆ ಬಳಸಬೇಕೆಂಬ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಎಳೆಯರನ್ನು ಸಾರ್ವಜನಿಕ ಕಾರ್ಯಕ್ಕೆ ಅಣಿಗೊಳಿಸುವುದು ಕನ್ನಡಿಗರಿಗೆ ಹೊಸದಲ್ಲ. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದುಸ್ಥಾನಿ ಸೇವಾದಲವನ್ನು ಕಟ್ಟಿ, ಹುಬ್ಬಳ್ಳಿಯನ್ನು ಅದರ ಕೇಂದ್ರವನ್ನಾಗಿ ಮಾಡಿಕೊಂಡರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ಸ್ವಯಂಸೇವಕರ ಶಿಸ್ತು ಎಲ್ಲರ ಕಣ್ಣಿಗೂ ಬಿದ್ದಿತು. 1969ರಲ್ಲಿ ಗಾಂಧೀ ಶತಾಬ್ದಿಯ ನೆನಪಿಗಾಗಿ ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. ಕಸಗುಡಿಸುವುದು, ಗಿಡನೆಡುವುದು, ಜಾತ್ರೆಯಲ್ಲಿ ಜನಸಂದಣಿಯನ್ನು ನಡೆಯಿಸುವುದು, ಇವೆಲ್ಲ ನಮಗೆ ಪರಿಚಿತವಾದ ಸೇವೆಗಳೇ. ಇವುಗಳ ಬೆಲೆಯನ್ನು ಯಾರೂ ಕಡಿಮೆಮಾಡಲಾಗದು. ಆದರೆ ಸೇವೆಯು ಪೌರಧರ್ಮದ ಒಂದು ಭಾಗ. ಕೇಳುವ ಹಕ್ಕು ಇನ್ನೊಂದು ಭಾಗ. ತನ್ನನ್ನು ಆಳುವವರಿಗೆ ಪ್ರಶ್ನೆಯನ್ನು ಹಾಕಿ ಉತ್ತರವನ್ನು ಪಡೆಯಬಲ್ಲವನೇ ಪೂರ್ಣ ಪೌರನು. ಈ ಎರಡನೆಯ ಭಾಗವನ್ನು ನಾವು ಶಾಲೆಯಲ್ಲಿ ಕಲಿಸುತ್ತಿರಲಿಲ್ಲ.

1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ಕಲಮು, ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯವನ್ನು ಕೇಳಿ ಅದಕ್ಕೆ ತಕ್ಕ ಮನ್ನಣೆ ಕೊಡಬೇಕೆಂದು ಹೇಳುತ್ತದೆ. 1992ರಲ್ಲಿ ನಮ್ಮ ದೇಶವು ಅದಕ್ಕೆ ಒಪ್ಪಿಗೆಯಿತ್ತಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಗ್ರಾಮಸಭೆಗೆ ಭದ್ರವಾದ ನೆಲೆ ದೊರೆಯಿತು. 1995ರ ಸುಮಾರಿಗೆ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ, ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಎಂಬ ಸಂಸ್ಥೆಯ ನೆರವಿನಿಂದ, ಮಕ್ಕಳೇ ಆರಿಸಿದ ಮಕ್ಕಳ ಪಂಚಾಯತಿಗಳು ಹುಟ್ಟಿಕೊಂಡವು. ಶಾಲೆಗೆ ಹೋಗುವ ಮಕ್ಕಳಷ್ಟೇ ಅಲ್ಲ, ದುಡಿಯುವ ಮಕ್ಕಳೂ ಅಲ್ಲಿ ಸೇರಿದ್ದರೆಂಬುದನ್ನು ನಾವು ಮರೆಯಲಾಗದು. ಮುಂದೆ 2006ರಲ್ಲಿ ಕರ್ನಾಟಕ ಸರಕಾರವು ಪ್ರತಿ ಗ್ರಾಮ ಪಂಚಾಯತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಯಿಸಬೇಕೆಂದು ಸುತ್ತೋಲೆ ಹೊರಡಿಸಿತು. ರಾಜ್ಯದ ಸುಮಾರು 6,000 ಪಂಚಾಯತಿಗಳಿಗೆ ಇದು ಅನ್ವಯಿಸುತ್ತದೆ. ಇಷ್ಟು ವಿಸ್ತಾರವಾದ ಪೌರಶಿಕ್ಷಣದ ಪಾಠಶಾಲೆ ಮತ್ತಾವುದಿದೆ?

ಮಹನೀಯರೇ, ಸುತ್ತೋಲೆಯಿಂದ ಸಭೆ ಸೇರುತ್ತದೆ. ಶಿಕ್ಷಣವು ತಾನಾಗಿ ಆಗುವುದಿಲ್ಲ. ದೀಪ ಹಚ್ಚಿ, ಹಾರ ಹಾಕಿ, ಹಿರಿಯರು ಒಂದು ಗಂಟೆ ಉಪದೇಶಮಾಡಿ, ಮುಖ್ಯಾಧ್ಯಾಪಕರು ಬರೆದುಕೊಟ್ಟ ಎರಡು ಪ್ರಶ್ನೆಗಳನ್ನು ಇಬ್ಬರು ಜಾಣ ಮಕ್ಕಳು ಓದಿ, ಮಿಠಾಯಿ ಹಂಚಿ, ಚಿತ್ರ ತೆಗೆಯಿಸಿಕೊಂಡು ಮುಗಿದುಹೋಗುವ ಸಭೆಯು ಮಕ್ಕಳಿಗೆ ಒಂದು ಪಾಠವನ್ನೇನೋ ಕಲಿಸುತ್ತದೆ: ಕೇಳಿದಂತೆ ನಟಿಸುವುದೂ ಉತ್ತರಿಸಿದಂತೆ ನಟಿಸುವುದೂ ಸಾರ್ವಜನಿಕ ಜೀವನವೆಂಬ ಪಾಠವನ್ನು. ಅಂತಹ ಪಾಠಕ್ಕಿಂತ ಸಭೆಯೇ ಇಲ್ಲದಿರುವುದು ಲೇಸು.

ಆದುದರಿಂದ ಸಭೆಗೆ ಒಂದು ತಿಂಗಳು ಮೊದಲೇ ಶಾಲೆಯಲ್ಲಿ ಕೆಲಸ ಆರಂಭವಾಗತಕ್ಕದ್ದು. ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಹಳ್ಳಿಯ ಪ್ರತಿಯೊಬ್ಬನಿಗೂ ದಿನಕ್ಕೆ 55 ಲೀಟರು ನೀರೆಂದು ಗೊತ್ತುಮಾಡಿತು. ಆರು ಜನರ ಮನೆಗೆ 330 ಲೀಟರು ಬೇಕಾಯಿತು. 15 ಲೀಟರಿನ ಕೊಡವು ಒಂದು ನಿಮಿಷದಲ್ಲಿ ತುಂಬಿದರೆ ಆ ಮನೆಯ ನಳದಲ್ಲಿ ದಿನವೂ 22 ನಿಮಿಷ ನೀರು ಬರಬೇಕು. ಐದನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಮಾಡಬಲ್ಲರು. ಗಡಿಯಾರ ಹಿಡಿದು ಒಂದು ವಾರ ತಮ್ಮ ಓಣಿಯ ನಳವನ್ನು ನೋಡಿ ಬರೆದುಕೊಳ್ಳಬಲ್ಲರು. ಬಳಿಕ ಸಭೆಯಲ್ಲಿ ಎದ್ದುನಿಂತ ಹುಡುಗಿಯು “ನೀರು ಸರಿಯಾಗಿ ಬರುವುದಿಲ್ಲ” ಎಂದು ಗೊಣಗಬೇಕಾಗಿಲ್ಲ. “ನಮ್ಮ ಓಣಿಯಲ್ಲಿ ಏಳು ದಿನಗಳಲ್ಲಿ ಮೂರು ದಿನ ನೀರು ಬಂದಿತು, ಬಂದ ದಿನ ಇಷ್ಟು ನಿಮಿಷ ಬಂದಿತು” ಎಂದು ಹೇಳುತ್ತಾಳೆ. ಗೊಣಗಾಟಕ್ಕೆ ಸಮಾಧಾನದ ಮಾತು ಸಾಕಾಗುತ್ತದೆ. ಲೆಕ್ಕಕ್ಕೆ ಲೆಕ್ಕವನ್ನೇ ಕೊಡಬೇಕಾಗುತ್ತದೆ.

ಇನ್ನೊಂದು ಉದಾಹರಣೆ. ವಿದ್ಯಾಸಂಸ್ಥೆಗಳಿಂದ 100 ಗಜಗಳೊಳಗೆ ತಂಬಾಕಿನ ಪದಾರ್ಥಗಳನ್ನು ಮಾರಕೂಡದೆಂದು 2003ರ ಶಾಸನವು ವಿಧಿಸಿತು. 100 ಗಜವೆಂದರೆ 91 ಮೀಟರಿಗೆ ತುಸು ಹೆಚ್ಚು. ಮಕ್ಕಳು ಹಗ್ಗ ಹಿಡಿದು ಅಳೆಯಲಿ. ಆದರೆ ಆ ಅಂಗಡಿಯವನು ಅದೇ ತರಗತಿಯ ಒಬ್ಬ ಹುಡುಗನ ತಂದೆಯಾಗಿರಬಹುದು. ಅಂತಹ ಸಂದರ್ಭದಲ್ಲಿ ಹೆಸರನ್ನು ಎತ್ತದೆ ದೂರವನ್ನು ಮಾತ್ರ ಸಭೆಯ ಮುಂದಿಡುವ ಸೌಜನ್ಯವನ್ನು ಶಿಕ್ಷಕರು ಕಲಿಸಬೇಕು. ಹಾಗೆಯೇ ಯಾವಳೋ ಒಬ್ಬ ಹುಡುಗಿ ಶಾಲೆ ಬಿಟ್ಟಳೆಂಬ, ಹದಿನೆಂಟು ತುಂಬುವ ಮೊದಲೇ ಅವಳಿಗೆ ಮದುವೆ ಗೊತ್ತಾಗುತ್ತಿದೆಯೆಂಬ ಸುದ್ದಿ ಮೊಟ್ಟಮೊದಲು ಗೆಳತಿಯರಿಗೇ ತಿಳಿಯುತ್ತದೆ. ಅದನ್ನು ತುಂಬಿದ ಸಭೆಯಲ್ಲಿ ಆಡಿಸಕೂಡದು. ಅದಕ್ಕೆ ಮುಚ್ಚಿದ ಪೆಟ್ಟಿಗೆಯೂ, 1098 ಎಂಬ ಮಕ್ಕಳ ಸಹಾಯವಾಣಿಯೂ, ನಂಬಿಕೆಗೆ ಪಾತ್ರರಾದ ಶಿಕ್ಷಕಿಯೂ ಇರಬೇಕು.

ಯಾವುದನ್ನು ಯಾರಿಗೆ ಕೇಳಬೇಕೆಂಬ ವಿವೇಕವೂ ಇದೇ ಸಿದ್ಧತೆಯಲ್ಲಿ ಬರುತ್ತದೆ. ಬೀದಿದೀಪ, ಚರಂಡಿ, ಕುಡಿಯುವ ನೀರು ಪಂಚಾಯತಿಯ ಹೊಣೆ. ಶಿಕ್ಷಕರ ನೇಮಕ ಶಿಕ್ಷಣ ಇಲಾಖೆಯದು. ಬಸ್ಸು ಸಾರಿಗೆ ಸಂಸ್ಥೆಯದು. ದೀಪಕ್ಕೂ ನೀರಿಗೂ ಹಣ ಬೇಕು, ಅದರಲ್ಲಿ ಒಂದು ಪಾಲು ಮನೆಯ ಕಂದಾಯದಿಂದ ಬರುತ್ತದೆಂದು ತಿಳಿದ ಹುಡುಗನು ಆ ಸಂಜೆ ಮನೆಗೆ ಹೋಗಿ, “ಅಪ್ಪಾ, ನಮ್ಮ ಕಂದಾಯ ಕಟ್ಟಿದ್ದೀರಾ?” ಎಂದು ಕೇಳುವನು. ಹಕ್ಕಿನ ಪಾಠದಲ್ಲಿಯೇ ಕರ್ತವ್ಯದ ಪಾಠವೂ ಅಡಗಿದೆ.

ಸಭೆಯ ಜೀವಾಳವು ಉತ್ತರದಲ್ಲಿದೆ. ಮಕ್ಕಳ ಪ್ರತಿಯೊಂದು ಪ್ರಶ್ನೆಗೂ ಮೂರರಲ್ಲೊಂದು ಉತ್ತರ ದೊರೆಯಬೇಕು: ಮಾಡಿದ್ದೇವೆ, ಇಂಥ ತಿಂಗಳೊಳಗೆ ಮಾಡುತ್ತೇವೆ, ಇಂಥ ಕಾರಣದಿಂದ ಆಗಲಾರದು. ಮೂರನೆಯ ಉತ್ತರವೂ ಮಾನವುಳ್ಳ ಉತ್ತರವೇ. ಕಾರಣವನ್ನು ಕೇಳುವ ಯೋಗ್ಯತೆ ಮಕ್ಕಳಿಗಿದೆಯೆಂದು ಒಪ್ಪಿದಂತಾಯಿತು. “ನೋಡೋಣ” ಎಂಬುದು ಉತ್ತರವಲ್ಲ. ನಡವಳಿ ಪುಸ್ತಕದಲ್ಲಿ ಪ್ರಶ್ನೆಯನ್ನೂ ಉತ್ತರವನ್ನೂ ಬರೆಯಿಸಿ, ಅದರ ಪ್ರತಿಯೊಂದನ್ನು ಶಾಲೆಯಲ್ಲಿಟ್ಟುಕೊಂಡು, ಮುಂದಿನ ವರ್ಷದ ಸಭೆಯನ್ನು ಹಿಂದಿನ ವರ್ಷದ ನಡವಳಿಯ ಓದಿನಿಂದಲೇ ಆರಂಭಿಸಬೇಕು. ಈ ಒಂದು ಪದ್ಧತಿ ಬೇರೂರಿದರೆ ಉಳಿದುದೆಲ್ಲ ತಾನಾಗಿ ಸರಿಯಾಗುವುದು.

“ಎಳೆಯರಿಗೆ ಈ ರಾಜಕಾರಣವೇಕೆ? ಓದಿಕೊಂಡಿರಲಿ” ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಆತಂಕವು ನ್ಯಾಯವಾದುದೇ. ಪಕ್ಷಗಳ ಜಗಳವನ್ನು ಶಾಲೆಯ ಹೊಸ್ತಿಲೊಳಗೆ ತರಕೂಡದು. ಆದರೆ 1989ರಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಹತ್ತನೆಯ ತರಗತಿ ಮುಗಿಸಿದ ಹುಡುಗನಿಗೆ ಮತಗಟ್ಟೆಗೆ ಹೋಗಲು ಎರಡೋ ಮೂರೋ ವರ್ಷ ಮಾತ್ರ ಉಳಿದಿರುತ್ತದೆ. ಅಷ್ಟರೊಳಗೆ ಊರಿನ ನೀರಿನ ಲೆಕ್ಕವನ್ನು ಕೇಳಲು ಕಲಿಯದವನು ಮುಂದೆ ತನ್ನ ಮತದ ಬೆಲೆಯನ್ನು ಮಾತ್ರ ಕೇಳುವನು.

ಶಿಕ್ಷಕ ಬಾಂಧವರೇ, ಮಕ್ಕಳು ನಿಜವಾಗಿ ಮಾತಾಡಲು ತೊಡಗಿದರೆ ಮೊದಲನೆಯ ದೂರು ನಮ್ಮ ಶಾಲೆಯ ಮೇಲೆಯೇ ಬರಬಹುದು. ಬೀಗ ಹಾಕಿದ ಶೌಚಾಲಯದ ಮೇಲೆ, ತೆರೆಯದ ಪುಸ್ತಕದ ಕಪಾಟಿನ ಮೇಲೆ ಬರಬಹುದು. ಆ ದೂರನ್ನು ಸಿಟ್ಟಿಲ್ಲದೆ ಕೇಳಿ ಅಲ್ಲಿಯೇ ಉತ್ತರ ಕೊಟ್ಟ ಗುರುವು ಇಡೀ ಪೌರನೀತಿಯ ಪುಸ್ತಕವನ್ನು ಒಂದೇ ಗಳಿಗೆಯಲ್ಲಿ ಕಲಿಸಿದಂತಾಯಿತು. ಆ ಮಗುವನ್ನು ಮರುದಿನ ಗದರಿಸಿದ ಗುರುವು ವರ್ಷವಿಡೀ ಕಲಿಸಿದುದನ್ನು ಅಳಿಸಿದಂತಾಯಿತು. ಪಟ್ಟಣದ ಮಹನೀಯರಲ್ಲಿಯೂ ಒಂದು ಬಿನ್ನಹ: ಹಳ್ಳಿಗೆ ಒಗ್ಗಿದ ಈ ಪದ್ಧತಿಯು ನಗರಸಭೆಯ ವಾರ್ಡಿಗೂ ಒಗ್ಗದಿರದು. ತಮ್ಮ ವಾರ್ಡಿನ ಸದಸ್ಯರನ್ನು ವರ್ಷಕ್ಕೊಂದು ದಿನ ಶಾಲೆಗೆ ಕರೆತಂದು ಮಕ್ಕಳ ಮುಂದೆ ಕುಳ್ಳಿರಿಸುವ ಹೊಣೆಯನ್ನು ತಾವು ವಹಿಸಿಕೊಳ್ಳಬೇಕು.

ಈ ವರ್ಷದ ಸಭೆಗೆ ಹೋಗುವ ಮೊದಲು ಕಳೆದ ವರ್ಷದ ನಡವಳಿಯನ್ನು ಪಂಚಾಯತಿಯಿಂದ ಕೇಳಿ ತರಿಸಿರಿ. ಮಕ್ಕಳ ಕೈಯಲ್ಲಿ ಅದನ್ನು ಓದಿಸಿರಿ. ಆಗದೆ ಉಳಿದುದರ ಪಟ್ಟಿಯನ್ನು ಅವರಿಂದಲೇ ಬರೆಯಿಸಿರಿ. ಇಷ್ಟನ್ನು ತಾವು ನಡೆಯಿಸಿಕೊಡುವಿರೆಂದು ನಂಬಿದ್ದೇನೆ.